ಮನೆಯ ಗೋಡೆಯ ಚಿತ್ರಪಟಗಳು



ಫ್ರಾನ್ಸ್ ದೇಶದ ಚಿತ್ರಕಾರನಾದ ರಿಗೋ 1701ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಭಾವಚಿತ್ರವನ್ನು ಬರೆದನು. ಮೂಲಚಿತ್ರವು ಅರಮನೆಯ ಸ್ವತ್ತಾಯಿತು. ಅದನ್ನು ನೋಡಿ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚೊತ್ತಿದ ಪ್ರತಿಗಳಾದರೋ ಹೊರಗಿನವರ ಕೈಗೂ ಬಂದವು. ನಮ್ಮಲ್ಲಿ ಇಂತಹ ಕಾರ್ಯವನ್ನು ಕೈಗೊಂಡವರು ರಾಜಾ ರವಿವರ್ಮರು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವರ ಮುದ್ರಣಾಲಯದಲ್ಲಿ ಬಣ್ಣಕ್ಕೊಂದು ಕಲ್ಲಿನಂತೆ ಒಂದೇ ಕಾಗದವನ್ನು ಹಲವು ಬಾರಿ ಅಚ್ಚೊತ್ತುತ್ತಿದ್ದರು. ಹೀಗೆ ಲಕ್ಷ್ಮೀ ಸರಸ್ವತಿಯರು ಕನ್ನಡಿಗರ ಮನೆಗಳಿಗೂ ಬಂದರು.

ಘಟ್ಟದ ಬುಡದಲ್ಲಿರುವ ನೆಲ್ಯಾಡಿಯಂತಹ ಊರಿನಲ್ಲಿ ಈ ಪಟಗಳಿಗೆ ಮಳೆಗಾಲವೇ ಶತ್ರು. ಮುರಕಲ್ಲಿನ ಗೋಡೆಯು ನೀರನ್ನು ಹೀರುತ್ತದೆ. ಆ ಥಂಡಿಯು ಬೆನ್ನಿನ ಹಲಗೆಯನ್ನು ದಾಟಿ ಕಾಗದಕ್ಕೆ ಬೂಷ್ಟು ಹಿಡಿಸುತ್ತದೆ. ಗಾಜಿಗೆ ಅಂಟಿದ ಕಾಗದವನ್ನು ಎಳೆದರೆ ದೇವಿಯ ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ.

ಆದುದರಿಂದ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ರಟ್ಟಿನ ಅಂಚಿರಲಿ. ಚೌಕಟ್ಟಿನ ಹಿಂದೆ ಸಣ್ಣ ಮರದ ತುಂಡುಗಳನ್ನು ಕೊಟ್ಟು ಗಾಳಿಯಾಡಲು ಎಡೆಮಾಡಿರಿ. ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯಲ್ಲಿ ತೂಗಹಾಕಿರಿ. ಅಂಟಿಹೋದ ಪಟವನ್ನು ಬಲ್ಲವರ ಕೈಗೆ ಒಪ್ಪಿಸಿರಿ.

ರವಿವರ್ಮರ ಹೆಸರಿನ ಆ ಮುದ್ರಣಾಲಯವು 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಳೆಯ ಮನೆಯನ್ನು ಕೆಡಹುವಾಗ, ಮಾಸಿದ ಪಟವನ್ನು ಹೊಳೆಗೆ ಬಿಡುವ ಮೊದಲು ಅದರ ಅಡಿಯಲ್ಲಿರುವ ಅಚ್ಚಿನ ಅಕ್ಷರಗಳನ್ನು ಒಮ್ಮೆ ಓದಿ ನೋಡಬೇಕೆಂದು ನಾವು ಅರಿಕೆ ಮಾಡಿಕೊಳ್ಳುತ್ತೇವೆ.