ಬೇರೆ ಬೇರೆ ಕೋಣೆ, ಒಂದೇ ಹಾಡು

ಮನೆಯಲ್ಲಿ ಎರಡು ಮೊಬೈಲ್ ಇದ್ದರೆ, ದೊಡ್ಡವರನ್ನು ಕೇಳಿ ಸ್ವಲ್ಪ ಹೊತ್ತು ಇಸಿದುಕೊಳ್ಳಿ. ಎರಡರಲ್ಲೂ ಒಂದೇ ಹಾಡು ಹುಡುಕಿಡಿ. ಒಂದು ನಿಮ್ಮ ಕೈಯಲ್ಲಿರಲಿ, ಇನ್ನೊಂದನ್ನು ತಂಗಿಗೋ ಗೆಳೆಯನಿಗೋ ಕೊಡಿ. ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಒತ್ತಿ. ಏನಾಯಿತು? ಹಾಡು ಜೋರಾಗುವ ಬದಲು ಕಲಸಿಹೋಯಿತು, ಅಲ್ಲವೇ? ಒಂದು ಫೋನು ಪಲ್ಲವಿಯ ಮೊದಲ ಪದ ಮುಗಿಸುತ್ತಿರುವಾಗ ಇನ್ನೊಂದು ಆಗಷ್ಟೇ ಶುರು ಮಾಡಿರುತ್ತದೆ.

ತಪ್ಪು ನಿಮ್ಮ ಬೆರಳಿನದಲ್ಲ. ನಮ್ಮ ಕಿವಿಯೇ ಬಲು ಚುರುಕು. ಒಂದು ಸೆಕೆಂಡನ್ನು ಸಮನಾಗಿ 20 ಚೂರು ಮಾಡಿ. ಅದರಲ್ಲಿ ಒಂದೇ ಒಂದು ಚೂರಿನಷ್ಟು ತಡವಾಗಿ ಎರಡನೇ ಚಪ್ಪಾಳೆ ಬಿದ್ದರೂ ಕಿವಿ ಅದನ್ನು ಬೇರೆ ಚಪ್ಪಾಳೆ ಎಂದು ಗುರುತಿಸಿಬಿಡುತ್ತದೆ.

ಈ ತೊಡಕನ್ನು ಬಿಡಿಸಲು ಕೂತ ಒಂದು ಪುಟ್ಟ ಕಂಪನಿಯ ವಿಷಯ ಹೇಳುತ್ತೇನೆ, ಬನ್ನಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ಬಾರ್ಬರಾ ಎಂಬ ಕಡಲತೀರದ ಊರಿದೆ. 2002ರಲ್ಲಿ ಜಾನ್ ಮ್ಯಾಕ್‌ಫರ್ಲೇನ್ ಮತ್ತು ಅವರ ಮೂವರು ಜೊತೆಗಾರರು ಅಲ್ಲಿ ಸೋನೋಸ್ ಎಂಬ ಕಂಪನಿ ಕಟ್ಟಿದರು. ಮನೆಯ ಯಾವ ಕೋಣೆಯಲ್ಲಿ ಬೇಕಾದರೂ ಹಾಡು ಕೇಳಬೇಕು, ಅದಕ್ಕಾಗಿ ಗೋಡೆ ಕೊರೆದು ತಂತಿ ಎಳೆಯುವ ಕೆಲಸ ಇರಬಾರದು ಎಂಬುದು ಅವರ ಆಸೆ. ನೆನಪಿಡಿ, ಆಗ ಬಹಳಷ್ಟು ಮನೆಗಳಲ್ಲಿ ವೈಫೈ ಎಂಬುದೇ ಇರಲಿಲ್ಲ.

ತಂತಿ ಇಲ್ಲದೆ ಹಾಡು ಹೋಗುವುದಾದರೂ ಹೇಗೆ? ಮೊದಲು ಹಾಡನ್ನು ಅಂಕಿಗಳಾಗಿ ಬರೆದಿಡುತ್ತಾರೆ. ಸಿ.ಡಿ.ಯಲ್ಲಿರುವ ಹಾಡಾದರೆ ಪ್ರತಿ ಸೆಕೆಂಡಿಗೆ 44,100 ಸಲ ಅಳತೆ ತೆಗೆದಿರುತ್ತಾರೆ. ಆ ಅಂಕಿಗಳನ್ನು ಸಣ್ಣ ಸಣ್ಣ ಕಂತೆ ಮಾಡಿ ರೇಡಿಯೊ ಅಲೆಗಳ ಮೇಲೆ ಕಳಿಸುತ್ತಾರೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅಂದಮೇಲೆ ಪಕ್ಕದ ಕೋಣೆಗೆ ಹೋಗಲು ತಡವೇ ಆಗಬಾರದಲ್ಲ?

ಆದರೂ ಆಗುತ್ತದೆ. ಗೋಡೆ ಅಡ್ಡ ಬಂದು ಅಲೆ ಸೊರಗುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯ ಅಲೆಗಳೂ ವೈಫೈ ಅಲೆಗಳೂ ಒಂದೇ ಜಾತಿಯವು. ಒಲೆಯಿಂದ ಸೋರುವ ಚೂರುಪಾರು ಅಲೆಗಳೂ ನಡುವೆ ಗದ್ದಲ ಎಬ್ಬಿಸುತ್ತವೆ. ದಾರಿಯಲ್ಲಿ ಕಳೆದುಹೋದ ಕಂತೆಯನ್ನು ಮತ್ತೆ ಕಳಿಸಬೇಕಾಗುತ್ತದೆ. ಹೀಗಾಗಿ ಒಂದು ಕೋಣೆಗೆ ಕಂತೆ ಬೇಗ ತಲುಪಿದರೆ ಇನ್ನೊಂದಕ್ಕೆ ನಿಧಾನವಾಗಿ ತಲುಪುತ್ತದೆ. ಬಂದ ಕೂಡಲೇ ನುಡಿಸಿದರೆ ನಿಮ್ಮ ಎರಡು ಮೊಬೈಲಿನ ಗತಿಯೇ!

ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ನಿಮ್ಮ ಶಾಲೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಐದನೇ ತರಗತಿ, ಆರನೇ ತರಗತಿ, ಏಳನೇ ತರಗತಿ, ಮೂರೂ ಬೇರೆ ಬೇರೆ ಕೋಣೆಯಲ್ಲಿ ಕೂತೇ ಒಂದು ಪ್ರಾರ್ಥನೆ ಹಾಡಬೇಕು. ಹೆಡ್‌ಮಿಸ್ ಒಂದೊಂದು ಸಾಲನ್ನೂ ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಚೀಟಿಯ ಮೂಲೆಯಲ್ಲಿ "ಇದನ್ನು ಸರಿಯಾಗಿ 10 ಗಂಟೆ 5 ನಿಮಿಷಕ್ಕೆ ಹಾಡಿ" ಎಂದು ಬರೆದಿರುತ್ತಾರೆ. ಐದನೇ ತರಗತಿಗೆ ಚೀಟಿ 10 ಗಂಟೆ 2 ನಿಮಿಷಕ್ಕೇ ಸಿಕ್ಕಿತು, ಏಳನೆಯದಕ್ಕೆ 10 ಗಂಟೆ 4 ನಿಮಿಷಕ್ಕೆ. ಪರವಾಗಿಲ್ಲ. ಬೇಗ ಸಿಕ್ಕವರು ಮೇಜಿನ ಮೇಲಿಟ್ಟುಕೊಂಡು ಕಾಯುತ್ತಾರೆ. 10 ಗಂಟೆ 5 ನಿಮಿಷಕ್ಕೆ ಮೂರು ಕೋಣೆಯಿಂದಲೂ ಒಂದೇ ದನಿ!

ಸ್ಪೀಕರ್‌ಗಳು ಮಾಡುವುದೂ ಇದನ್ನೇ. ಪ್ರತಿ ಕಂತೆಯ ಜೊತೆ ಅದನ್ನು ನುಡಿಸಬೇಕಾದ ಹೊತ್ತು ಬರೆದಿರುತ್ತದೆ. ಹೊತ್ತಾಗುವ ತನಕ ಸ್ಪೀಕರ್ ಅದನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದ ಮೇಲೆ ಹಾಡು ಶುರುವಾಗಲು ಒಂದು ಚೂರು ತಡವಾದರೆ, ಈ ಕಾಯುವಿಕೆಯೂ ಅದಕ್ಕೊಂದು ಕಾರಣ.

ಆದರೆ ಮೂರೂ ಕೋಣೆಯ ಗಡಿಯಾರಗಳು ಒಂದೇ ಹೊತ್ತು ತೋರಿಸದಿದ್ದರೆ? ಚೀಟಿ ಇದ್ದೂ ದಂಡ! ಸ್ಪೀಕರಿನ ಗಡಿಯಾರ ಎಂದರೆ ಒಳಗೆ ಅದುರುತ್ತಿರುವ ಕ್ವಾರ್ಟ್ಜ್ ಹರಳು. ಕೈಗಡಿಯಾರದಲ್ಲೂ ಅಂಥದೇ ಹರಳಿದೆ, ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಯಾವ ಎರಡು ಹರಳೂ ಕರಾರುವಾಕ್ಕಾಗಿ ಒಂದೇ ಸಮ ಅದುರುವುದಿಲ್ಲ. ಒಂದು ಗಡಿಯಾರ ತಿಂಗಳಿಗೆ 15 ಸೆಕೆಂಡು ಹಿಂದೆ ಬಿದ್ದರೆ, ಗಂಟೆಗೆ ಸುಮಾರು ಸೆಕೆಂಡಿನ 50ರಲ್ಲಿ ಒಂದು ಪಾಲು ಹಿಂದೆ ಬಿದ್ದಂತೆ. ಎರಡು ಮೂರು ಗಂಟೆ ಹಾಡು ಕೇಳುವಷ್ಟರಲ್ಲಿ ಕಿವಿ ಕಳ್ಳನನ್ನು ಹಿಡಿದೇ ಹಿಡಿಯುತ್ತದೆ. ಅದಕ್ಕೇ ಸ್ಪೀಕರ್‌ಗಳು ಆಗಾಗ "ನಿನ್ನಲ್ಲಿ ಎಷ್ಟು ಗಂಟೆ?" ಎಂದು ಒಂದನ್ನೊಂದು ಕೇಳಿ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಲೇ ಇರುತ್ತವೆ.

ಅಲೆ ಸರಿಯಾಗಿ ತಲುಪದ ದೂರದ ಕೋಣೆಯ ಸಮಸ್ಯೆಯೂ ಇತ್ತು. ಹೆಡ್‌ಮಿಸ್ ಕೊಟ್ಟ ಚೀಟಿಯನ್ನು ಐದನೇ ತರಗತಿಯವರು ಆರನೆಯವರಿಗೆ, ಅವರು ಏಳನೆಯವರಿಗೆ ದಾಟಿಸಿದರೆ ಸಾಕಲ್ಲವೇ? ಸೋನೋಸ್‌ನವರು ಹಾಡು ನುಡಿಸುವ ತಮ್ಮ ಪೆಟ್ಟಿಗೆಗಳಿಗೆ ಇದನ್ನೇ ಕಲಿಸಿದರು. ನಡುಮನೆಯ ಪೆಟ್ಟಿಗೆ ತಾನೂ ಹಾಡುತ್ತದೆ, ಮಲಗುವ ಕೋಣೆಯ ಪೆಟ್ಟಿಗೆಗೆ ಕಂತೆಯನ್ನೂ ದಾಟಿಸುತ್ತದೆ.

2005ರ ಆರಂಭದಲ್ಲಿ ಅವರ ಮೊದಲ ಪೆಟ್ಟಿಗೆ ಮಾರಾಟಕ್ಕೆ ಬಂತು. ಎರಡು ಪೆಟ್ಟಿಗೆ ಮತ್ತು ಒಂದು ನಿಯಂತ್ರಕ ಸೇರಿದ ಜೋಡಣೆಗೆ 1,199 ಡಾಲರ್. ಸ್ಪೀಕರನ್ನು ಬೇರೆಯಾಗಿ ಜೋಡಿಸಿಕೊಳ್ಳಬೇಕಿತ್ತು. ಬಡವರ ಕೈಗೆ ಎಟುಕುವ ಬೆಲೆಯಂತೂ ಅಲ್ಲ. ಆಗ ಐಫೋನ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 2007ರಲ್ಲಿ. ಹಾಗಾಗಿ ಹಾಡು ಆರಿಸುವ ಸಾಧನವನ್ನೂ ಅವರೇ ಮಾಡಬೇಕಾಯಿತು. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ನಡುವೆ ಬಣ್ಣದ ಪರದೆ, ಪಕ್ಕದಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಚಕ್ರ. ಚಕ್ರ ತಿರುಗಿಸುತ್ತಾ ಹೋದರೆ ಹಾಡುಗಳ ಹೆಸರು ಒಂದೊಂದಾಗಿ ಜಾರುತ್ತಿದ್ದವು.

ಮುಂದೆ 2013ರಲ್ಲಿ ಅವರು ಟಿವಿಗೆಂದೇ ಒಂದು ಉದ್ದನೆಯ ಸ್ಪೀಕರ್ ತಂದರು. ಇಲ್ಲಿ ಹೊಸ ಪೀಕಲಾಟ! ಹಾಡಾದರೆ ತುಸು ಕಾದು ಶುರುವಾದರೂ ಯಾರಿಗೂ ಗೊತ್ತಾಗದು. ಟಿವಿಯಲ್ಲಿ ಹಾಗಲ್ಲ, ಸ್ಪೀಕರ್ ಕಾಯುತ್ತಾ ಕೂತರೆ ಮಾತಾಡುವವರ ತುಟಿ ಮೊದಲು ಆಡಿ, ಮಾತು ಆಮೇಲೆ ಬರುತ್ತದೆ. ಹಾಗೆಂದು ಕಾಯುವುದನ್ನು ಪೂರ್ತಿ ಬಿಟ್ಟರೆ, ತಡವಾಗಿ ಬಂದ ಕಂತೆ ಸಿಗದೆ ದನಿ ತುಂಡಾಗುತ್ತದೆ. ಎಷ್ಟು ಹೊತ್ತು ಕಾಯಬೇಕು, ಎಷ್ಟು ಬೇಗ ನುಡಿಸಬೇಕು? ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವ ಲೆಕ್ಕ ಇದು. ನೀವಾಗಿದ್ದರೆ ಚೀಟಿಯ ಮೇಲೆ ಎಷ್ಟು ಹೊತ್ತಿನ ಗಡುವು ಬರೆಯುತ್ತಿದ್ದಿರಿ?