ಮರದ ಕೆಚ್ಚು

'ಕೆಚ್ಚು' ಎಂಬ ಕನ್ನಡದ ಮಾತಿಗೆ ಎರಡು ಅರ್ಥಗಳುಂಟು. ಧೈರ್ಯ ಎಂಬುದು ಒಂದು; ಕೆಚ್ಚೆದೆ ಎನ್ನುವಾಗ ನಾವು ನೆನೆಯುವುದು ಅದನ್ನೇ. ಮರದ ನಡುವೆ ಬಲಿತು ಗಟ್ಟಿಯಾದ ಭಾಗ ಎಂಬುದು ಇನ್ನೊಂದು. ತರಗತಿಯಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳುತ್ತಿದ್ದ ನನಗೆ ಮೊದಲನೆಯ ಅರ್ಥ ಹೆಚ್ಚು ಬಳಕೆಯದು. ಬಡಗಿಗೆ ಎರಡನೆಯದೇ ಮೊದಲನೆಯದು. ಹಲಗೆಯನ್ನು ಕೊಳ್ಳುವಾಗ ಅವನು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಕೆಚ್ಚು ಎಷ್ಟಿದೆ? ಈ ಹೊತ್ತು ನಾನು ಹೇಳಹೊರಟಿರುವುದು ಆ ಪ್ರಶ್ನೆಯನ್ನು ಕುರಿತು; ಅದಕ್ಕೆ ಆರಿಸಿಕೊಂಡಿರುವುದು ತೇಗದ ಮರವನ್ನು.

ಈ ಮರಕ್ಕೆ ಹೆಸರುಗಳು ಹಲವು. ಸಂಸ್ಕೃತದಲ್ಲಿ ಅದು ಶಾಕ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮಂಚ ಮಣೆಗಳಿಗೆ ಯೋಗ್ಯವಾದ ಮರಗಳ ಸಾಲಿನಲ್ಲಿ ಅದನ್ನೂ ಸೇರಿಸಿದ್ದಾನೆ. ನಾವು ಅನ್ನುವ ಸಾಗುವಾನಿ, ಅರಬ್ಬರು ಅನ್ನುವ ಸಾಜ್, ಎರಡೂ ಆ ಬಳಗದ ಮಾತುಗಳು. ತೇಗ ಎಂಬುದು ನಮ್ಮ ದ್ರಾವಿಡ ಹೆಸರು. ಮಲಯಾಳಿಗಳ ತೇಕ್ಕು ಪೋರ್ಚುಗೀಸರ ಬಾಯಲ್ಲಿ ತೇಕ ಆಗಿ, ಇಂಗ್ಲಿಷರಲ್ಲಿ ಟೀಕ್ ಆಗಿ ಲೋಕವನ್ನೆಲ್ಲ ಸುತ್ತಿತು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಟೆಕ್ಟೋನ ಗ್ರಾಂಡಿಸ್. ಗ್ರೀಕಿನಲ್ಲಿ ಟೆಕ್ಟೋನ್ ಎಂದರೆ ಬಡಗಿ. ಸಂಸ್ಕೃತದ ತಕ್ಷಕನೂ ಅವನ ದಾಯಾದಿಯೇ. ನಮ್ಮವರಲ್ಲಿ ಅನೇಕರು ಆಡುಮಾತಿನಲ್ಲಿ ಇದನ್ನು 'ತ್ಯಾಗದ ಮರ' ಎನ್ನುತ್ತಾರೆ. ಅದು ಉಚ್ಚಾರಣೆಯ ಜಾರುವಿಕೆ ಮಾತ್ರ. ಆದರೂ ಮರದ ಒಳಗೆ ನಡೆಯುವುದನ್ನು ನೋಡಿದರೆ ಆ ಹೆಸರೂ ಒಪ್ಪುತ್ತದೆ.

ಬೆಳೆದ ತೇಗದ ದಿಮ್ಮಿಯನ್ನು ಅಡ್ಡಲಾಗಿ ಕೊಯ್ದು ನೋಡಿ. ತೊಗಟೆಗೆ ತಾಗಿದಂತೆ ಬಿಳಿಚಿದ ಒಂದು ಪಟ್ಟಿ ಇರುತ್ತದೆ. ಬೇರಿನ ನೀರು ಮೇಲೇರುವುದು ಇದರ ಮೂಲಕ, ಜೀವವಿರುವುದು ಇಲ್ಲಿ. ಅದರ ಒಳಗಿನ ಹೊಂಗಂದು ಬಣ್ಣದ ಭಾಗವೇ ಕೆಚ್ಚು. ಅಲ್ಲಿ ಜೀವಕೋಶಗಳು ಸತ್ತಿವೆ. ಆದರೆ ಸಾಯುವ ಮುನ್ನ ಅವು ಎಣ್ಣೆಯಂಥ, ರಾಳದಂಥ ಪದಾರ್ಥಗಳನ್ನು ತಮ್ಮಲ್ಲಿ ತುಂಬಿಕೊಂಡಿರುತ್ತವೆ. ಟೆಕ್ಟೋಕ್ವಿನೋನ್ ಎಂಬುದು ಅವುಗಳಲ್ಲೊಂದು. ಗೆದ್ದಲಿಗೆ ಅದು ಸೇರದು. ರಬ್ಬರಿನಂಥ ಇನ್ನೊಂದು ಪದಾರ್ಥ ನೀರನ್ನು ಒಳಗೆ ಬಿಡದು. ಕೊಯ್ದ ತೇಗವನ್ನು ಮುಟ್ಟಿದರೆ ಕೈಗೆ ಜಿಡ್ಡು ಜಿಡ್ಡಾಗುವುದೂ, ಮೂಗಿಗೆ ಹಳೆಯ ತೊಗಲಿನಂಥ ವಾಸನೆ ಬರುವುದೂ ಇದರಿಂದಲೇ. ಮರದಲ್ಲಿ ಜೀವಂತವಾಗಿದ್ದ ಬಿಳಿಯ ಭಾಗ ಕಡಿದ ಕೆಲವೇ ವರ್ಷಗಳಲ್ಲಿ ಹುಳುವಿನ ಪಾಲಾಗುತ್ತದೆ. ಎಂದೋ ಸತ್ತಿದ್ದ ಕೆಚ್ಚು ಶತಮಾನಗಳನ್ನು ಕಾಣುತ್ತದೆ.

ತೇಗ ಎಲ್ಲಕ್ಕಿಂತ ಗಟ್ಟಿಯಾದ ಮರವೆಂದು ಭಾವಿಸಬೇಡಿ. ನಮ್ಮ ಮತ್ತಿ, ಬೀಟೆಗಳು ಅದಕ್ಕಿಂತ ತೂಕದವು. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ನೀರಿನ ತೂಕದ ಮೂರರಲ್ಲಿ ಎರಡು ಪಾಲು ಎನ್ನಿ. ಅದರ ಹಿರಿಮೆ ಇರುವುದು ಸ್ಥಿರತೆಯಲ್ಲಿ. ಮಳೆಗಾಲದಲ್ಲಿ ಅದು ಹೆಚ್ಚು ಉಬ್ಬದು, ಬೇಸಗೆಯಲ್ಲಿ ಹೆಚ್ಚು ಕುಗ್ಗದು, ಸೊಟ್ಟಗಾಗದು, ಬಿರಿಯದು. ಆಷಾಢದಲ್ಲಿಯೂ ಸಲೀಸಾಗಿ ಮುಚ್ಚುವ ಕದ ನಿಮ್ಮ ಮನೆಯಲ್ಲಿದ್ದರೆ ಅದು ತೇಗವಿರಬಹುದು. ಅದರ ದೋಷವನ್ನೂ ಹೇಳಬೇಕು. ಮರದೊಳಗೆ ಮರಳಿನ ಅಂಶ ಸೇರಿರುವುದರಿಂದ ಉಳಿ ಗರಗಸಗಳ ಹರಿತ ಬೇಗ ಮೊಂಡಾಗುತ್ತದೆ.

ಐರೋಪ್ಯರು ಇದಕ್ಕೆ ಮರುಳಾದದ್ದು ಹಡಗಿಗಾಗಿ. ಅವರ ಓಕ್ ಮರದಲ್ಲಿರುವ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದ ಎಣ್ಣೆ ಕಬ್ಬಿಣವನ್ನು ಕಾಯುತ್ತದೆ. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ 1817ರಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದು ಇಂದಿಗೂ ತೇಲುತ್ತಿದೆ. ಅಷ್ಟು ದೂರ ಹೋಗುವುದೇಕೆ? 1784ರಲ್ಲಿ ಟಿಪ್ಪು ಕಟ್ಟಿಸಿದ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಂಬಗಳನ್ನು ನೋಡಿದರೆ ಸಾಕು. ಆ ಅರಮನೆಯ ಬಹುಪಾಲು ತೇಗವೇ.

ಹಡಗಿನ ಹಸಿವು ಕಾಡನ್ನು ಬರಿದು ಮಾಡಿತು. ಕಡಿಯುವ ಕ್ರಮವೂ ವಿಲಕ್ಷಣವಾಗಿತ್ತು. ಹಸಿಯ ತೇಗ ನೀರಿನಲ್ಲಿ ಸರಿಯಾಗಿ ತೇಲದು. ಆದ್ದರಿಂದ ಮಲಬಾರಿನಲ್ಲಿಯೂ ಬರ್ಮಾದಲ್ಲಿಯೂ ಬುಡದ ಸುತ್ತ ತೊಗಟೆಯನ್ನೂ ಬಿಳಿಯ ಮರವನ್ನೂ ಉಂಗುರದಂತೆ ಕೆತ್ತಿಬಿಡುತ್ತಿದ್ದರು. ಮರ ನಿಂತಲ್ಲೇ ಸತ್ತು, ಎರಡು ಮೂರು ವರ್ಷ ಒಣಗಿ, ಆಮೇಲೆ ಉರುಳಿ ಹೊಳೆಯಲ್ಲಿ ತೇಲುತ್ತ ಸಾಗುತ್ತಿತ್ತು. ಇರುವುದು ಮುಗಿಯುತ್ತ ಬಂದಾಗ ನೆಡುವ ಯೋಚನೆ ಹುಟ್ಟಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ ನಿಲಂಬೂರಿನಲ್ಲಿ ತೇಗದ ತೋಪು ಹಾಕಿಸಿದ. ಗಟ್ಟಿ ಚಿಪ್ಪಿನ ಆ ಬೀಜ ಸುಲಭಕ್ಕೆ ಮೊಳೆಯುವಂಥದಲ್ಲ. ಅದನ್ನು ಮೊಳೆಯಿಸಿ ತೋಪೆಬ್ಬಿಸಿದ ಶ್ರಮ ಚಾತು ಮೆನನ್ ಎಂಬ ಅಧಿಕಾರಿಯದು. ಅಂದಿನ ಮರಗಳಲ್ಲಿ ಕೆಲವು ಇನ್ನೂ ನಿಂತಿವೆ. ನೆಟ್ಟವರು ಫಲ ಕಾಣಲಿಲ್ಲ. ಕಾಣುವೆವೆಂದು ನೆಟ್ಟವರೂ ಅಲ್ಲ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಕೆಚ್ಚು ಎಂಬುದು ಜಾತಿಯ ಗುಣವಷ್ಟೇ ಅಲ್ಲ, ವಯಸ್ಸಿನ ಗುಣ. ಅರಣ್ಯ ಇಲಾಖೆಗಳು ತೇಗವನ್ನು ಕಡಿಯಲು 50ರಿಂದ 80 ವರ್ಷ ಕಾಯುವ ಪದ್ಧತಿಯಿಟ್ಟುಕೊಂಡದ್ದು ಇದಕ್ಕಾಗಿ. 1990ರ ದಶಕದಲ್ಲಿ, ಇಂದು ಸಾವಿರ ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷ ಪಡೆಯಿರಿ ಎಂಬ ಧಾಟಿಯ ಜಾಹೀರಾತುಗಳು ಪತ್ರಿಕೆಗಳಲ್ಲಿ ತುಂಬಿದ್ದವು. ನಿವೃತ್ತಿಯ ಹಣವನ್ನು ತೇಗದ ಸಸಿಗೆ ಸುರಿದವರು ನನ್ನ ಪರಿಚಿತರಲ್ಲೂ ಇದ್ದರು. ಅವರ ಹಣ ಮರಳಲಿಲ್ಲ. 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ಕಟ್ಟುಪಾಡು ತಂದಿತು. ಆ ಕಂಪನಿಗಳ ಮೋಸವನ್ನು ಬದಿಗಿಟ್ಟು ನೋಡಿದರೂ ಲೆಕ್ಕದಲ್ಲಿಯೇ ತಪ್ಪಿತ್ತು. ಇಪ್ಪತ್ತು ವರ್ಷದ ತೇಗ ಭಾರ ಹೊರುವುದರಲ್ಲಿ ಅಷ್ಟೇನೂ ಹಿಂದೆ ಬೀಳದು. ಆದರೆ ಅದರಲ್ಲಿ ಬಿಳಿಯ ಭಾಗ ಹೆಚ್ಚು. ಕೆಚ್ಚಿನಲ್ಲಿಯೂ ಕಾಯುವ ಎಣ್ಣೆ ಕಡಿಮೆ. ಹೆಸರು ತೇಗ, ಬಾಳಿಕೆ ಮಾತ್ರ ತೇಗದ್ದಲ್ಲ. ಇಂದು ಅಂಗಡಿಯಲ್ಲಿ ಸಾಗುವಾನಿ ಎಂಬ ಹೆಸರು ಕೇಳಿ ಹಣ ಕೊಡುವವರು ಹಲಗೆಯ ಅಂಚಿನ ಬಿಳುಪನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಹಳೆಯ ಕೆಚ್ಚು ಎಲ್ಲಿದೆ? ಥಾಯ್ಲೆಂಡ್ 1989ರಲ್ಲಿ ಕಾಡು ಕಡಿಯುವುದನ್ನು ನಿಷೇಧಿಸಿತು; ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ನಮ್ಮ ದಾಂಡೇಲಿ, ಕಾಕನಕೋಟೆಗಳ ಕಾಡಿನಲ್ಲಿ ಉಳಿದಿರುವುದು ಕಾಡಿಗೇ ಇರಲಿ. ಇನ್ನುಳಿದದ್ದು ನಮ್ಮ ಊರುಗಳ ಹಳೆಯ ಮನೆಗಳಲ್ಲಿದೆ: ತೊಲೆಯಲ್ಲಿ, ಜಂತೆಯಲ್ಲಿ, ಬೋದಿಗೆಯಲ್ಲಿ, ಅಜ್ಜಿ ಅರಿಸಿನ ಹಚ್ಚಿದ ಹೊಸ್ತಿಲಿನಲ್ಲಿ. ಇಂದು ಆ ಮನೆಗಳು ಬೀದಿಬೀದಿಯಲ್ಲಿ ಉರುಳುತ್ತಿವೆ. ಮನೆ ಕೆಡವುವ ಗುತ್ತಿಗೆದಾರನಿಗೆ ಮರವನ್ನೂ ಸೇರಿಸಿ ಒಪ್ಪಿಸಿ, ಅದೇ ಹಣದಲ್ಲಿ ಎಳೆಯ ಮರದ ಬಾಗಿಲು ತರುವವರನ್ನು ಕಂಡಿದ್ದೇನೆ. ನೂರು ವರ್ಷದ ಜಂತೆ ನೀರೊಲೆಗೆ ಹೋದದ್ದನ್ನೂ ಕಂಡಿದ್ದೇನೆ.

ಮನೆ ಕೆಡವಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ; ಸಂಸಾರಗಳು ಬೆಳೆಯುತ್ತವೆ, ಪಾಲಾಗುತ್ತವೆ. ಆದರೆ ಹಾರೆ ಹಾಕುವ ಮುನ್ನ ಅನುಭವಸ್ಥ ಬಡಗಿಯೊಬ್ಬರನ್ನು ಕರೆಸಿ ತೋರಿಸಿ. ಮೇಲಿನ ಹೊಗೆಯ ಮಸಿಯನ್ನು ನೋಡಿ ಹೀನೈಸಬೇಡಿ. ಹತ್ತರಿಯನ್ನು ಒಂದು ಸಲ ಎಳೆದರೆ ಹೊನ್ನಿನ ಬಣ್ಣ ಮತ್ತೆ ಹೊರಬರುತ್ತದೆ. ಹಳೆಯ ಮೊಳೆಗಳನ್ನು ಹುಡುಕಿ ಕಿತ್ತು, ತುದಿಯ ಲಡ್ಡಾದ ಭಾಗವನ್ನು ತೆಗೆದು ಕೊಯ್ಯಿಸಿದರೆ, ಒಂದು ತೊಲೆಯಲ್ಲಿ ಕಿಟಕಿಗಳ ಚೌಕಟ್ಟು ಆದೀತು, ಜಂತೆಗಳಲ್ಲಿ ಮಕ್ಕಳ ಓದುವ ಮೇಜು ಆದೀತು. ಅದು ಈಗಾಗಲೇ ನೂರು ಮಳೆಗಾಲಗಳಲ್ಲಿ ಉಬ್ಬಿ ಕುಗ್ಗಿ ಹದವಾದ ಮರ. ಕೂಲಿ ತುಸು ಹೆಚ್ಚಾದೀತು, ಕೊಟ್ಟುಬಿಡಿ. ಅಂಥ ಮರವನ್ನು ಇಂದು ನೆಟ್ಟರೂ ಅದರ ಬಾಗಿಲನ್ನು ತೆರೆಯುವವರು ನಮ್ಮ ಮರಿಮಕ್ಕಳು.