ಏಳು ಗಂಟೆಗೆ ಬಿಟ್ಟು ಬಂದ ಬ್ಯಾಚು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತು)



ಬಾಂದ್ರಾದ ನಮ್ಮ ಮನೆಗಳಿಗೆ ದೀಪಾವಳಿ ಹತ್ತಿರ ಬಂದಾಗ ಬಣ್ಣ ಹೊಡೆಸುತ್ತೇವೆ. ಪೇಂಟರ್ ಕೇಳುವ ಮೊದಲೇ "ಇಮಲ್ಷನ್ನೇ ಹಾಕಪ್ಪ" ಅನ್ನುತ್ತೇವೆ. ಆ ಡಬ್ಬಿಯಲ್ಲಿ ಬಣ್ಣವನ್ನು ಗೋಡೆಗೆ ಹಿಡಿದಿಡುವ ಹಾಲಿನಂಥ ಅಂಟು ಒಂದಿದೆ. ಅದನ್ನು ತಯಾರಿಸುವ ಕಾರ್ಖಾನೆಯಲ್ಲಿ ನಾನು ಕೆಲವು ವರ್ಷ ಕೆಮಿಸ್ಟ್ ಆಗಿದ್ದೆ.

ಸಾಮಾನು ಹೆಚ್ಚಿಲ್ಲ. ನೀರು, ಸ್ಟೈರೀನ್, ಬ್ಯೂಟೈಲ್ ಅಕ್ರಿಲೇಟ್ ಎಂಬ ಎರಡು ಮೊನೊಮರ್, ಸೋಪಿನ ಜಾಗದಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ (ಶಾಂಪೂ ಬಾಟಲಿಯ ಹಿಂದೆ ಓದಿರುತ್ತೀರಿ), ಕೆಲಸ ಶುರುಮಾಡಲು ಪೊಟ್ಯಾಸಿಯಂ ಪರ್‌ಸಲ್ಫೇಟ್, ಹುಳಿ ಏರದಂತೆ ಸ್ವಲ್ಪ ಅಡುಗೆ ಸೋಡಾ.

ಜಿಡ್ಡಿನ ಬಾಣಲೆ ತೊಳೆಯುವಾಗ ಸೋಪು ಏನು ಮಾಡುತ್ತದೆ? ಅದರ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ನೀರಿನಲ್ಲಿ ಸೋಪು ಸಾಕಷ್ಟಿದ್ದರೆ ಬಾಲಗಳನ್ನು ಒಳಗೆ ಮಾಡಿಕೊಂಡು ಅವು ಪುಟ್ಟ ಗುಂಪುಗಳಾಗುತ್ತವೆ. ಇವೇ ಮೈಸೆಲ್. ಮೊನೊಮರ್ ಎಣ್ಣೆಯ ಜಾತಿಯದು, ಸ್ವಲ್ಪ ಸ್ವಲ್ಪವಾಗಿ ಒಳಗೆ ಸೇರಿಕೊಳ್ಳುತ್ತದೆ. ಉಳಿದದ್ದು ದೊಡ್ಡ ಹನಿಗಳಾಗಿ ಹೊರಗೆ ಉಗ್ರಾಣದಂತೆ ಇರುತ್ತದೆ. 80 ಡಿಗ್ರಿಯ ಹತ್ತಿರ ಪರ್‌ಸಲ್ಫೇಟ್ ಒಡೆದು ರ‍್ಯಾಡಿಕಲ್ ಹುಟ್ಟುತ್ತದೆ. ಅದು ಮೈಸೆಲಿನೊಳಗೆ ನುಗ್ಗಿ ಹೂ ಪೋಣಿಸಿದ ಹಾಗೆ ಮೊನೊಮರ್‌ಗಳನ್ನು ಪೋಣಿಸುತ್ತಾ ಹೋಗುತ್ತದೆ. ಒಂದರ ಕಣದೊಳಕ್ಕೆ ಇನ್ನೊಂದು ಸುಲಭವಾಗಿ ಬರುವುದಿಲ್ಲವಾದ್ದರಿಂದ ಮಾಲೆ ಬಹಳ ಉದ್ದವಾಗುತ್ತದೆ.

ಗೋಡೆಯ ಮೇಲೆ ನೀರು ಆರಿದಾಗ ಈ ಕಣಗಳು ಒಂದಕ್ಕೊಂದು ಒತ್ತಿ ಬೆಸೆದು ಪದರವಾಗುತ್ತವೆ. ಒದ್ದೆ ಗೋಡೆಗೆ ಹಚ್ಚಿಸಿದರೆ ಬಣ್ಣ ಏಳುತ್ತದೆ ಅಂತ ಪೇಂಟರನ್ನು ಬೈಯಬೇಡಿ, ಮಳೆಗಾಲ ಮುಗಿಯಲು ಬಿಡಿ. 1959ರಲ್ಲಿ ಬಲವಂತ ಪಾರೇಖ್ ಇದೇ ಮುಂಬೈಯಲ್ಲಿ ಶುರುಮಾಡಿದ ಫೆವಿಕಾಲ್ ಕೂಡ ಇದೇ ಕುಟುಂಬದ್ದು. ಅದರ ಮೊನೊಮರ್ ವಿನೈಲ್ ಅಸಿಟೇಟ್. ಬಿಳಿಯಾಗಿದ್ದದ್ದು ಆರಿದ ಮೇಲೆ ಪಾರದರ್ಶಕವಾಗುವುದನ್ನು ಮಕ್ಕಳ ಪ್ರಾಜೆಕ್ಟ್ ಮಾಡುವಾಗ ನೋಡಿದ್ದೀರಿ.

ಈ ಕ್ರಿಯೆ ತಾನಾಗಿಯೇ ಬಿಸಿಯಾಗುತ್ತದೆ. ಮೊನೊಮರ್ ಒಮ್ಮೆಲೇ ಸುರಿದರೆ ಶಾಖ ಕೈಮೀರುತ್ತದೆ. ಮೂರು ನಾಲ್ಕು ಗಂಟೆ ಸಣ್ಣ ಧಾರೆಯಲ್ಲಿ ಬಿಡಬೇಕು, ಆಮೇಲೂ ಬಿಸಿಯಲ್ಲಿಟ್ಟು ಉಳಿದ ಮೊನೊಮರ್ ಮುಗಿಸಬೇಕು. ನನ್ನ ಕಷ್ಟ ಇದ್ದದ್ದು ಇಲ್ಲೇ. 1948ರ ಫ್ಯಾಕ್ಟರಿ ಕಾಯ್ದೆಯ 66ನೇ ಕಲಮಿನ ಪ್ರಕಾರ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸದಲ್ಲಿರಬಹುದಿತ್ತು. ರಿಯಾಕ್ಟರಿಗೆ ಗಡಿಯಾರ ಗೊತ್ತಿಲ್ಲವಲ್ಲ!

ಒಂದು ದಿನ ಬಾಯ್ಲರ್ ತಡವಾಗಿ ನಮ್ಮ ಬ್ಯಾಚು ಮಧ್ಯಾಹ್ನ ಶುರುವಾಯಿತು. ಧಾರೆ ಮುಗಿಯುವಾಗ ಆರೂವರೆ. "ಇನ್ನೊಂದು ಗಂಟೆ ಬಿಸಿಯಲ್ಲಿಡಿ, ವಾಸನೆ ಹೋದ ಮೇಲೇ ತಣಿಸಿ" ಎಂದು ರಿಜಿಸ್ಟರಿನಲ್ಲಿ ಬರೆದು ಏಳಕ್ಕೆ ಗೇಟು ದಾಟಿದೆ. ಲೋಕಲಿನಲ್ಲಿ ಕೂತರೂ ಮನಸ್ಸೆಲ್ಲ ಅಲ್ಲೇ. ಬೆಳಿಗ್ಗೆ ಡ್ರಮ್ಮಿನ ಮುಚ್ಚಳ ತೆಗೆದರೆ ಅಕ್ರಿಲೇಟಿನ ಘಾಟು. ರಾತ್ರಿಯವರು ಅವಸರದಲ್ಲಿ ತಣಿಸಿದ್ದರು. ಬ್ಯಾಚಿನ ಮುಂದೆ ಇದ್ದದ್ದು ನನ್ನ ಹೆಸರು. ಎಲ್ಲವನ್ನೂ ಮತ್ತೆ ರಿಯಾಕ್ಟರಿಗೆ ಏರಿಸಿ, ಇನ್ನಷ್ಟು ಪರ್‌ಸಲ್ಫೇಟ್ ಹಾಕಿ, ಏಳರೊಳಗೆ ಮುಗಿಸಿದೆ.